ತಾಳಿಗಿಂತ ಮೊದಲೇ ಗಟ್ಟಿಮೇಳ: ಟಿವಿಯ ಹಿಂದಿನ ಪುಟ್ಟ ಕಂಪ್ಯೂಟರ್ ವಿಡಿಯೊ ಬಿಡಿಸುವ ಬಗೆ

ಚಿಕ್ಕಮ್ಮನ ಮಗಳ ಮದುವೆಯ ವಿಡಿಯೊ ಪೆನ್ ಡ್ರೈವ್‌ನಲ್ಲಿ ಬಂದ ದಿನ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತಿದ್ದರು. ಟಿವಿಯ ಬೆನ್ನಿಗೆ ಅಂಟಿಸಿದ್ದ ಅಂಗೈಯಗಲದ ಕಂಪ್ಯೂಟರ್ ನನ್ನ ಜೋಡಣೆ. ಹಿಂದಿನ ವಾರವಷ್ಟೇ ಅದರಲ್ಲಿ ಒಂದು 4ಕೆ ಸಿನಿಮಾವನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಓಡಿಸಿ ತೋರಿಸಿದ್ದೆ. ಆ ಹೆಮ್ಮೆ ಮುಹೂರ್ತದ ಹೊತ್ತಿಗೆ ಮಣ್ಣುಪಾಲಾಯಿತು. ಗಟ್ಟಿಮೇಳ ಮೊಳಗಿತು, ಅಕ್ಷತೆ ಹಾಕುವವರ ಗದ್ದಲ ಕೇಳಿಸಿತು, ಯಾರೋ ಅತ್ತದ್ದೂ ಕೇಳಿಸಿತು. ಪರದೆಯ ಮೇಲೆ ಮಾತ್ರ ವರನ ಕೈಯಲ್ಲಿದ್ದ ತಾಳಿ ಇನ್ನೂ ಗಾಳಿಯಲ್ಲೇ ನಿಂತಿತ್ತು. ಚಿತ್ರ ಒಂದು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಆಮೇಲೆ ನಾಲ್ಕು ಹೆಜ್ಜೆ ಹಾರಿ ಮತ್ತೆ ನಿಲ್ಲುತ್ತಿತ್ತು. “4ಕೆ ಓಡುತ್ತದೆ ಎಂದಿದ್ದೆಯಲ್ಲ?” ಎಂದರು ಚಿಕ್ಕಪ್ಪ.

ಸಿನಿಮಾವೂ 4ಕೆ, ಮದುವೆಯೂ 4ಕೆ. ಪೆಟ್ಟಿಗೆ ಅದೇ, ಟಿವಿ ಅದೇ. ಒಂದು ಓಡಿತು, ಇನ್ನೊಂದು ಕುಂಟಿತು. ಪೆಟ್ಟಿಗೆಯ ಪ್ರೊಸೆಸರ್ ಎಷ್ಟು ಗಿಗಾಹರ್ಟ್ಸ್, ಮೆಮೊರಿ ಎಷ್ಟು ಜಿಬಿ ಎಂದು ಕೇಳುತ್ತ ಹೋದರೆ ಈ ಒಗಟು ಬಿಡುವುದಿಲ್ಲ. ಆ ಚಿಪ್ಪಿನೊಳಗೆ ವಿಡಿಯೊ ಬಿಡಿಸುವುದಕ್ಕೆಂದೇ ಒಂದು ಪ್ರತ್ಯೇಕ ಮೂಲೆ ಇರುತ್ತದೆ; ಅದಕ್ಕೆ ಯಾವ ಯಾವ ಲಿಪಿ ಓದಲು ಬರುತ್ತದೆ ಎಂದು ಕೇಳಬೇಕು.

ಮೊದಲು ಲೆಕ್ಕ. 1080ಪಿ ಚಿತ್ರದ ಒಂದು ಫ್ರೇಮಿನಲ್ಲಿ 1920 ಗುಣಿಸು 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿವೆ; 4ಕೆ ಎಂದರೆ ಇದರ ನಾಲ್ಕು ಪಟ್ಟು. ಬೆಳಕಿನ ಏರಿಳಿತಕ್ಕೆ ನಮ್ಮ ಕಣ್ಣು ಸೂಕ್ಷ್ಮ, ಬಣ್ಣಕ್ಕೆ ಅಷ್ಟಲ್ಲ. ಆದ್ದರಿಂದ ಬಣ್ಣದ ವಿವರವನ್ನು ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಮಾತ್ರ ಇಟ್ಟುಕೊಳ್ಳುತ್ತಾರೆ. ಇಷ್ಟು ಜಿಪುಣತನ ಮಾಡಿದ ಮೇಲೂ ಒಂದು ಫ್ರೇಮ್ ಸುಮಾರು 3.1 ಎಂಬಿ ಆಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಎಂದರೆ 78 ಎಂಬಿ. ಎರಡೂವರೆ ಗಂಟೆಯ ಸಿನಿಮಾಕ್ಕೆ ಏಳುನೂರು ಜಿಬಿ ಬೇಕು. ನಿಮ್ಮಲ್ಲಿರುವ ಕಡತವೋ ಎಂಟೊಂಬತ್ತು ಜಿಬಿ. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಹಳೆಯ ಲೆಕ್ಕದ ಪುಸ್ತಕಗಳನ್ನು ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಒಂದು ಸಾಲಿನಲ್ಲಿ ಹೆಸರು, ಊರು, ಬಾಬತ್ತು ಎಲ್ಲವನ್ನೂ ಬರೆದರೆ ಕೆಳಗಿನ ಸಾಲುಗಳಲ್ಲಿ ‘ಸದರಿ’, ‘ಸದರಿ’ ಎಂದು ಗೀಚಿ, ಬದಲಾದ ಮೊತ್ತವನ್ನಷ್ಟೇ ನಮೂದಿಸುತ್ತಿದ್ದರು. ವಿಡಿಯೊ ಹಿಸುಕುವ ಕೋಡೆಕ್ ಮಾಡುವುದೂ ಅದನ್ನೇ. ಆಗಾಗ ಒಂದು ಪೂರ್ತಿ ಚಿತ್ರ ಬರುತ್ತದೆ. ಅದರ ನಂತರದ ಹತ್ತಾರು ಫ್ರೇಮುಗಳಲ್ಲಿ ಬಹುಪಾಲು ಸದರಿಯೇ: ಮಂಟಪ ಹಾಗೆಯೇ ಇದೆ, ಪುರೋಹಿತರು ಅಲ್ಲೇ ಇದ್ದಾರೆ, ವರನ ಕೈ ಮಾತ್ರ ಎಡಕ್ಕೆ ಏಳು ಪಿಕ್ಸೆಲ್ ಸರಿದಿದೆ. ಹಿಂದಿನ ಸಾಲನ್ನು ಮಾತ್ರವಲ್ಲ, ಮುಂದೆ ಬರಲಿರುವ ಸಾಲನ್ನೂ ನೋಡಿಕೊಂಡು ‘ಸದರಿ’ ಎನ್ನುವ ಫ್ರೇಮುಗಳೂ ಇವೆ. ಅದಕ್ಕಾಗಿ ಫ್ರೇಮುಗಳನ್ನು ನೋಡುವ ಕ್ರಮ ಬೇರೆ, ಬಿಡಿಸುವ ಕ್ರಮ ಬೇರೆ.

ಕನ್ನಡದಲ್ಲಿ ಗಂಟನ್ನೂ ಬಿಡಿಸುತ್ತೇವೆ, ಚಿತ್ರವನ್ನೂ ಬಿಡಿಸುತ್ತೇವೆ. ಹಿಸುಕಿದ ವಿಡಿಯೊವನ್ನು ಮತ್ತೆ ಚಿತ್ರವಾಗಿಸುವ ಡಿಕೋಡರ್ ಎರಡನ್ನೂ ಮಾಡುತ್ತದೆ, ಅದೇ ಕ್ರಮದಲ್ಲಿ. ಅಷ್ಟು ಒಳ್ಳೆಯ ಕ್ರಿಯಾಪದ ನಮ್ಮಲ್ಲಿರುವಾಗ ‘ವಿಸಂಕೇತನ’ ಎಂಬ ಪದವನ್ನು ಯಾಕೆ ಟಂಕಿಸಿದರೋ ನನಗೆ ಅರ್ಥವಾಗಿಲ್ಲ.

ಗಂಟು ಬಿಡಿಸುವ ಭಾಗವೇ ಹೆಚ್ಚು ಹಟಮಾರಿ. ಇಂದಿಗೂ ಅತಿ ಹೆಚ್ಚು ಬಳಕೆಯಲ್ಲಿರುವ, 2003ರಲ್ಲಿ ಹೊರಬಂದ ಎಚ್.264 ಎಂಬ ಕೋಡೆಕ್ಕನ್ನೇ ನೋಡೋಣ. ಅದು ಚಿತ್ರವನ್ನು 16 ಗುಣಿಸು 16 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸುತ್ತದೆ. 1080 ಸಾಲುಗಳು 16ರಿಂದ ಸರಿಯಾಗಿ ಭಾಗವಾಗುವುದಿಲ್ಲವಾದ್ದರಿಂದ ಕಡತದೊಳಗೆ ಚಿತ್ರದ ಎತ್ತರ ನಿಜವಾಗಿ 1088. ಕೊನೆಯ ಎಂಟು ಸಾಲುಗಳನ್ನು ತೋರಿಸುವಾಗ ಕತ್ತರಿಸಿ ಎಸೆಯುತ್ತಾರೆ. ಹೀಗೆ ಒಂದು ಫ್ರೇಮಿಗೆ 8160 ತುಂಡು, ಸೆಕೆಂಡಿಗೆ ಎರಡು ಲಕ್ಷಕ್ಕೂ ಮಿಕ್ಕಿ. ಪ್ರತಿ ತುಂಡಿಗೂ ಇದು ಎಲ್ಲಿಂದ ಸರಿದು ಬಂತು, ಆ ಜಾಗದಿಂದ ನಕಲು ಮಾಡಿದ ಮೇಲೆ ಉಳಿಯುವ ವ್ಯತ್ಯಾಸವೇನು, ಅಕ್ಕಪಕ್ಕದ ತುಂಡಿನೊಡನೆ ಅಂಚು ಎದ್ದು ಕಾಣದಂತೆ ಎಷ್ಟು ತೀಡಬೇಕು ಎಂಬ ಸೂಚನೆಗಳಿರುತ್ತವೆ. ಆ ಸೂಚನೆಗಳನ್ನೇ ಮತ್ತೊಮ್ಮೆ ಬಿಗಿಯಾಗಿ ಹೆಣೆದಿಟ್ಟಿರುತ್ತಾರೆ. ಈ ಹೆಣಿಗೆಯಲ್ಲಿ ಮುಂದಿನ ಬಿಟ್‌ನ, ಅಂದರೆ ಸೊನ್ನೆ ಅಥವಾ ಒಂದರ, ಅರ್ಥ ಹಿಂದಿನ ಬಿಟ್ ಏನಾಗಿತ್ತು ಎಂಬುದರ ಮೇಲೆ ನಿಂತಿರುತ್ತದೆ. ಮಲ್ಲಿಗೆ ಮಾಲೆಯ ಒಂದೇ ಎಳೆಯನ್ನು ನಾಲ್ವರು ಕೂತು ಏಕಕಾಲಕ್ಕೆ ಬಿಚ್ಚಲು ಆಗುವುದಿಲ್ಲವಲ್ಲ, ಹಾಗೆ. ನಾಲ್ಕು ಕೋರ್‌ಗಳ ಪ್ರೊಸೆಸರ್ ಇದ್ದರೂ ಈ ಒಂದು ಎಳೆಗೆ ಒಬ್ಬನೇ ಕೂರಬೇಕು. ಜಾಣ ತಂತ್ರಾಂಶಗಳು ಬೇರೆ ಬೇರೆ ಫ್ರೇಮುಗಳನ್ನು ಬೇರೆ ಬೇರೆ ಕೋರ್‌ಗೆ ಹಂಚಿ ಹೇಗೋ ನಿಭಾಯಿಸುತ್ತವೆ. ಆದರೆ ಸೆಕೆಂಡಿಗೆ 60 ಫ್ರೇಮಿನ ವಿಡಿಯೊ ಆದರೆ ಒಂದು ಫ್ರೇಮಿಗೆ ಸಿಗುವ ಸಮಯ ಸರಾಸರಿ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಮುಗಿಯದಿದ್ದರೆ ಧ್ವನಿ ಕಾಯುವುದಿಲ್ಲ, ಗಟ್ಟಿಮೇಳ ಮುಂದೆ ಹೋಗಿಬಿಡುತ್ತದೆ.

ಇದೇ ಕೆಲಸವನ್ನು ಚಿಪ್ಪಿನ ತಯಾರಕರು ಸಿಲಿಕಾನಿನಲ್ಲೇ ಕೆತ್ತಿಬಿಡುತ್ತಾರೆ. ಪ್ರೊಸೆಸರ್ ಅಡುಗೆಮನೆಯ ಈಳಿಗೆಮಣೆಯ ಹಾಗೆ, ತೆಂಗಿನಕಾಯಿ ತುರಿಯುವುದರಿಂದ ಹಿಡಿದು ಸೊಪ್ಪು ಹೆಚ್ಚುವವರೆಗೆ ಏನು ಬೇಕಾದರೂ ಆದೀತು. ಹಾರ್ಡ್‌ವೇರ್ ಡಿಕೋಡರ್ ಚಕ್ಕುಲಿ ಒರಳು. ಅದರೊಳಗೆ ಕೂರಿಸಿದ ಬಿಲ್ಲೆ ಯಾವುದೋ ಅದೇ ಆಕಾರ ಬರುತ್ತದೆ, ಬೇರೆ ಬರುವುದಿಲ್ಲ. ಆದರೆ ಆ ಒಂದು ಆಕಾರವನ್ನು ಒತ್ತುವಾಗ ಅದರ ವೇಗಕ್ಕೆ ಯಾರ ಕೈಯೂ ಸಾಟಿಯಲ್ಲ, ಶ್ರಮವೂ ಇಲ್ಲ. ಗಂಟು ಬಿಡಿಸುವ ಸರ್ಕ್ಯೂಟ್ ಒಂದು, ವ್ಯತ್ಯಾಸ ಲೆಕ್ಕ ಹಾಕುವುದು ಇನ್ನೊಂದು, ನಕಲು ತರುವುದು ಮತ್ತೊಂದು, ಅಂಚು ತೀಡುವುದು ಕೊನೆಯದು. ಒಂದರ ಹಿಂದೆ ಒಂದು ಸಾಲಾಗಿ ನಿಂತು ತುಂಡುಗಳನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಪ್ರೊಸೆಸರ್ ಹತ್ತಾರು ಆದೇಶ ಓದಿ ಮಾಡುವುದನ್ನು ಇಲ್ಲಿ ತಂತಿಗಳೇ ಮಾಡುತ್ತವೆ. ಬಿಸಿಯಾಗುವುದು ಕಡಿಮೆ, ಆದ್ದರಿಂದ ಫ್ಯಾನ್ ಇಲ್ಲದ ಪೆಟ್ಟಿಗೆ ಸಾಧ್ಯ. ನಡುಮನೆಯಲ್ಲಿ ಕೂತು ಮೆಲುದನಿಯ ಸಂಭಾಷಣೆ ಕೇಳುವವರಿಗೆ ಫ್ಯಾನಿನ ಗುಂಯ್‌ಗುಡುವಿಕೆ ಎಷ್ಟು ಕಿರಿಕಿರಿ ಎಂದು ಗೊತ್ತಿರುತ್ತದೆ.

ಈ ಒರಳಿನ ಬೆಲೆ ಜನರಿಗೆ ತಿಳಿದದ್ದು ಸುಮಾರು 2009ರಲ್ಲಿ. ಇಂಟೆಲ್‌ನ ಆಟಮ್ ಪ್ರೊಸೆಸರ್ ಹಾಕಿದ ಅಗ್ಗದ ಪುಟ್ಟ ಕಂಪ್ಯೂಟರ್‌ಗಳು ಆಗ ಬರತೊಡಗಿದ್ದವು. ಬರೀ ಪ್ರೊಸೆಸರ್ ನೆಚ್ಚಿಕೊಂಡರೆ 1080ಪಿ ಅವುಗಳ ಕೈಗೆ ಎಟುಕುತ್ತಿರಲಿಲ್ಲ. ಅದೇ ಆಟಮ್ ಪಕ್ಕಕ್ಕೆ ಎನ್‌ವಿಡಿಯಾ ತನ್ನ ಐಯಾನ್ ಚಿಪ್ಪನ್ನು ಕೂರಿಸಿದಾಗ ಬ್ಲೂ-ರೇ ಗುಣಮಟ್ಟದ ಸಿನಿಮಾ ಓಡಿತು. ಅದೇ ಕಾಲದಲ್ಲಿ ಕೆಲವರು ಮೊದಲ ತಲೆಮಾರಿನ ಆಪಲ್ ಟಿವಿಯನ್ನು ಬಿಚ್ಚಿ, ಒಳಗಿನ ವೈಫೈ ಕಾರ್ಡ್ ಕಿತ್ತು, ಆ ಜಾಗದಲ್ಲಿ ಬ್ರಾಡ್‌ಕಾಮ್‌ನ ಕ್ರಿಸ್ಟಲ್ ಎಚ್‌ಡಿ ಎಂಬ ಪುಟ್ಟ ಕಾರ್ಡ್ ಸಿಕ್ಕಿಸಿದರು. ವೈಫೈ ಹೋಯಿತು, 1080ಪಿ ಬಂತು. ಇವುಗಳಲ್ಲಿ ವಿಡಿಯೊ ನೋಡಲು ಬಳಸುತ್ತಿದ್ದ, ಈಗ ಕೋಡಿ ಎಂದು ಕರೆಯುವ ಮೀಡಿಯಾ ಪ್ಲೇಯರ್‌ಗೆ ಆಗ ಎಕ್ಸ್‌ಬಿಎಂಸಿ ಎಂದು ಹೆಸರು. ಹೆಸರು ಬದಲಾದದ್ದು 2014ರಲ್ಲಿ.

ಆದರೆ ಅತ್ಯಂತ ಸೊಗಸಾದ ಉದಾಹರಣೆ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ಮೊದಲ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. 35 ಡಾಲರ್ ಬೆಲೆ, 700 ಮೆಗಾಹರ್ಟ್ಸ್‌ನ ಒಂದೇ ಕೋರ್, 256 ಎಂಬಿ ಮೆಮೊರಿ. ಅದರಲ್ಲಿ ಒಂದು ಜಾಲತಾಣ ತೆರೆಯಲು ಹೋದರೆ ಕಾಫಿ ಬೆರೆಸಿಕೊಂಡು ಬರಬಹುದಿತ್ತು. ಅದೇ ಪೈ 1080ಪಿ ಎಚ್.264 ಸಿನಿಮಾವನ್ನು ಒಂದು ಫ್ರೇಮೂ ಬೀಳಿಸದೆ ತೋರಿಸುತ್ತಿತ್ತು. ಇದು ಪವಾಡವಲ್ಲ. ಅದರ ಬ್ರಾಡ್‌ಕಾಮ್ ಚಿಪ್ಪು ಹುಟ್ಟಿದ್ದೇ ಮಲ್ಟಿಮೀಡಿಯಾ ಕೆಲಸಕ್ಕೆ. ಒಳಗಿದ್ದ ವಿಡಿಯೊಕೋರ್ ಎಂಬ ಭಾಗ ಮೂಲತಃ ಕೇಂಬ್ರಿಜ್‌ನ ಆಲ್ಫಾಮೊಸಾಯಿಕ್ ಎಂಬ ಕಂಪನಿಯದು, 2004ರಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತ್ತು. ಪೈಗೆ ವಿದ್ಯುತ್ ಕೊಟ್ಟರೆ ಮೊದಲು ಎಚ್ಚರಗೊಳ್ಳುವುದು ಈ ವಿಡಿಯೊಕೋರ್, ಅದು ಎದ್ದು ಆಮೇಲೆ ಪ್ರೊಸೆಸರನ್ನು ಎಬ್ಬಿಸುತ್ತಿತ್ತು. ಮನೆಯ ಯಜಮಾನ ಯಾರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆ ಪೈಯಲ್ಲೇ ಇನ್ನೊಂದು ಪಾಠವೂ ಇತ್ತು. ಡಿವಿಡಿಗಳಲ್ಲಿ ಬಳಸುವ ಎಂಪೆಗ್-2 ಕೋಡೆಕ್ಕನ್ನು ಬಿಡಿಸುವ ಸಾಮರ್ಥ್ಯ ಚಿಪ್ಪಿನಲ್ಲಿ ಇತ್ತು, ಆದರೆ ಬೀಗ ಹಾಕಿತ್ತು. ಪೇಟೆಂಟ್ ಶುಲ್ಕ ಕಟ್ಟದೆ ತೆರೆಯುವಂತಿರಲಿಲ್ಲ. 2012ರ ಆಗಸ್ಟ್‌ನಿಂದ 2.40 ಪೌಂಡ್, ಅಂದಿನ ಲೆಕ್ಕದಲ್ಲಿ ಇನ್ನೂರು ಚಿಲ್ಲರೆ ರೂಪಾಯಿ, ಕೊಟ್ಟರೆ ನಿಮ್ಮ ಬೋರ್ಡಿನ ಕ್ರಮಸಂಖ್ಯೆಗೆ ಮಾತ್ರ ಹೊಂದುವ ಒಂದು ಕೀಲಿ ಸಂಖ್ಯೆ ಬರುತ್ತಿತ್ತು. ಅದನ್ನು ಒಂದು ಕಡತದಲ್ಲಿ ಬರೆದು ಮರುಚಾಲನೆ ಮಾಡಿದರೆ ಬೀಗ ತೆರೆಯುತ್ತಿತ್ತು. ಡಿಡಿ ಫ್ರೀ ಡಿಶ್‌ನ ಹಲವು ಚಾನೆಲ್‌ಗಳು ಇದೇ ಎಂಪೆಗ್-2ರಲ್ಲಿ ಬರುತ್ತಿದ್ದುದರಿಂದ, ಟ್ಯೂನರ್ ಜೋಡಿಸಿ ನೋಡುವ ಉಮೇದಿನ ನಮ್ಮವರಿಗೂ ಆ ಕೀಲಿ ಬೇಕಾಗುತ್ತಿತ್ತು. ಒರಳು ನಿಮ್ಮದೇ, ಬಿಲ್ಲೆಯೂ ಒಳಗಿದೆ, ಆದರೂ ಒತ್ತಲು ಅಪ್ಪಣೆ ಬೇಕು. ಪೇಟೆಂಟಿನ ಈ ಕಾಟ ಇನ್ನೂ ತಪ್ಪಿಲ್ಲ. 2022ರಲ್ಲಿ ಫೆಡೋರಾ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ತನ್ನ ಗ್ರಾಫಿಕ್ಸ್ ಚಾಲಕ ತಂತ್ರಾಂಶಗಳಿಂದ ಎಚ್.264 ಮತ್ತು ಎಚ್‌ಇವಿಸಿ ಬಿಡಿಸುವ ಸೌಲಭ್ಯವನ್ನು ಕಾನೂನಿನ ಅಂಜಿಕೆಯಿಂದಲೇ ಕಿತ್ತುಹಾಕಿತು. ಒಂದು ಅಪ್‌ಡೇಟ್ ಆದ ಮೇಲೆ ನಿನ್ನೆ ಓಡುತ್ತಿದ್ದದ್ದು ಇಂದು ಏದುಸಿರು ಬಿಟ್ಟರೆ ಇದನ್ನೂ ಒಮ್ಮೆ ಅನುಮಾನಿಸಿ.

ಈಗ ನಮ್ಮ ಒಗಟು. 2013ರಲ್ಲಿ ಎಚ್.264ರ ಮುಂದಿನ ಪೀಳಿಗೆಯಾಗಿ ಎಚ್‌ಇವಿಸಿ ಬಂತು, ಎಚ್.265 ಎಂಬುದೂ ಅದೇ. ಇದರ ತುಂಡುಗಳು 64 ಗುಣಿಸು 64 ಪಿಕ್ಸೆಲ್‌ವರೆಗೂ ದೊಡ್ಡದಿರಬಹುದು, ಖಾಲಿ ಆಕಾಶವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. 4ಕೆ ಸಿನಿಮಾಗಳು ಬಹುತೇಕ ಈ ಕೋಡೆಕ್‌ನಲ್ಲೇ ಬಂದವು. ಹಾಗಾಗಿ ಪುಟ್ಟ ಕಂಪ್ಯೂಟರ್‌ಗಳ ಚಿಪ್ಪು ರೂಪಿಸುವವರು 4ಕೆ ಸಾಮರ್ಥ್ಯವನ್ನು ಎಚ್‌ಇವಿಸಿಗೆ ಕೊಟ್ಟು, ಎಚ್.264ರ ಹಳೆಯ ಸರ್ಕ್ಯೂಟನ್ನು 1080ಪಿ ಮಟ್ಟದಲ್ಲೇ ಬಿಟ್ಟದ್ದುಂಟು. 2019ರ ಪೈ 4ರ ವಿವರಪಟ್ಟಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ: ಎಚ್.265 ಆದರೆ 4ಕೆ, ಸೆಕೆಂಡಿಗೆ 60 ಫ್ರೇಮ್, ಎಚ್.264 ಆದರೆ 1080ಪಿ, 60 ಫ್ರೇಮ್. ಮದುವೆಯ ಛಾಯಾಗ್ರಾಹಕರ ಕ್ಯಾಮೆರಾ 4ಕೆಯನ್ನು ಎಚ್.264ರಲ್ಲಿ ಬರೆದಿತ್ತು. ನನ್ನ ಪೆಟ್ಟಿಗೆಗೂ ಇಂಥದ್ದೇ ಮಿತಿ. ಒರಳಿಗೆ ಆ ಹಿಟ್ಟು ಹಿಡಿಸಲಿಲ್ಲ, ಕೆಲಸವೆಲ್ಲ ಪ್ರೊಸೆಸರ್ ತಲೆಗೆ ಬಿತ್ತು, ಅದು ಸೋತಿತು. ವಿವರಪಟ್ಟಿ ಓದದೆ ಬೀಗಿದ ತಪ್ಪು ನನ್ನದು.

ಕೋಡೆಕ್ ಹೆಸರು ಹೊಂದಿದರೂ ಸಾಲದು. ಒಂದೇ ಕೋಡೆಕ್‌ನಲ್ಲಿ ಪ್ರೊಫೈಲ್ ಎಂಬ ಒಳಪಂಗಡಗಳಿವೆ. ಬಣ್ಣದ ಒಂದೊಂದು ಮೌಲ್ಯವನ್ನು 8 ಬಿಟ್‌ನಲ್ಲಿ ಬರೆದರೆ 256 ಮೆಟ್ಟಿಲು, 10 ಬಿಟ್‌ನಲ್ಲಾದರೆ 1024. ಸಂಜೆಯ ಆಕಾಶ ಪಟ್ಟೆಪಟ್ಟೆಯಾಗಿ ಕಾಣದಿರಲು ಈ ಹೆಚ್ಚಿನ ಮೆಟ್ಟಿಲುಗಳು ಬೇಕು, ಕತ್ತಲು ಬೆಳಕಿನ ಹೆಚ್ಚಿನ ವ್ಯಾಪ್ತಿಯನ್ನು ತೋರಿಸುವ ಎಚ್‌ಡಿಆರ್ ಚಿತ್ರಗಳಿಗಂತೂ 10 ಬಿಟ್ ಕಡ್ಡಾಯ. 2015ರ ಇಂಟೆಲ್ ಸ್ಕೈಲೇಕ್ ಪ್ರೊಸೆಸರ್‌ಗಳು ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲೇ ಬಿಡಿಸುತ್ತಿದ್ದವು, ಆದರೆ 8 ಬಿಟ್ ಮಾತ್ರ. 10 ಬಿಟ್ ಪೂರ್ತಿಯಾಗಿ ಬಂದದ್ದು ಮುಂದಿನ ಕೇಬಿ ಲೇಕ್‌ನಲ್ಲಿ. ಡಬ್ಬಿಯ ಮೇಲಿನ ‘ಎಚ್‌ಇವಿಸಿ’ ಎಂಬ ಪದವನ್ನು ನಂಬಿ ಕೊಂಡವರಿಗೆ 4ಕೆ ಎಚ್‌ಡಿಆರ್ ಸಿನಿಮಾ ಹಾಕಿದ ದಿನ ಜ್ಞಾನೋದಯವಾಯಿತು. ಹಾಗೆಯೇ ಜಪಾನಿನ ಅನಿಮೆ ಅಭಿಮಾನಿಗಳು 10 ಬಿಟ್‌ನ ಎಚ್.264ರಲ್ಲಿ ಮಾಡಿಟ್ಟ ಕಡತಗಳು ರಾಶಿರಾಶಿಯಾಗಿವೆ. ಅವುಗಳನ್ನು ಬಿಡಿಸುವ ಹಾರ್ಡ್‌ವೇರ್ ಮನೆಬಳಕೆಯ ಚಿಪ್ಪುಗಳಲ್ಲಿ ಸಿಗುವುದು ತೀರ ಅಪರೂಪ. ಕಡತ ಚಿಕ್ಕದು, ಎಚ್.264 ಎಂದೇ ಬರೆದಿದೆ, ಆದರೂ ಯಂತ್ರ ತಿಣುಕುತ್ತದೆ.

ಹೊಸ ಯಂತ್ರದಲ್ಲಿ ಹಳೆಯದೆಲ್ಲ ಇದ್ದೇ ಇರುತ್ತದೆ ಎಂದೂ ಇಲ್ಲ. 2023ರ ಪೈ 5ರಲ್ಲಿ ಎಚ್.264 ಹಾರ್ಡ್‌ವೇರ್ ಡಿಕೋಡರ್ ತೆಗೆದೇ ಹಾಕಿದ್ದಾರೆ, ಉಳಿದದ್ದು ಎಚ್‌ಇವಿಸಿ ಒಂದೇ. ಸುದ್ದಿ ಕೇಳಿದಾಗ ನನಗೂ ಸಿಟ್ಟು ಬಂದಿತ್ತು. ಆದರೆ ಅದರ 2.4 ಗಿಗಾಹರ್ಟ್ಸ್ ಪ್ರೊಸೆಸರ್ 1080ಪಿ ಎಚ್.264 ಕೆಲಸವನ್ನು ತಾನೇ ಆರಾಮವಾಗಿ ಮಾಡಿ ಮುಗಿಸುತ್ತದೆ. ಈಳಿಗೆಮಣೆ ಅಷ್ಟು ಹರಿತವಾದ ಮೇಲೆ ಬೀನ್ಸ್ ಹೆಚ್ಚಲು ಬೇರೆ ಯಂತ್ರ ಯಾಕೆ? ಸಿಲಿಕಾನಿನ ಜಾಗಕ್ಕೂ ಬೆಲೆ ಇದೆ. ‘ಹಾರ್ಡ್‌ವೇರ್ ಇಲ್ಲ’ ಎಂಬ ಮಾತನ್ನು ಕೇಳಿದ ಕೂಡಲೇ ಗಾಬರಿಯಾಗಬೇಕಿಲ್ಲ.

ಗಾಬರಿಯಾಗಬೇಕಾದ್ದು ಎವಿ1 ಬಗ್ಗೆ. 2018ರಲ್ಲಿ ಬಂದ ಈ ಕೋಡೆಕ್‌ಗೆ ಪೇಟೆಂಟ್ ಶುಲ್ಕ ಕೇಳುವುದಿಲ್ಲ ಎಂದು ಅದನ್ನು ರೂಪಿಸಿದ ಒಕ್ಕೂಟದ ಮಾತು. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಎರಡೂ ಬಳಸುತ್ತಿವೆ. ಪೈ 4ರಲ್ಲೂ ಪೈ 5ರಲ್ಲೂ ಇದಕ್ಕೆ ಒರಳಿಲ್ಲ. dav1d ಎಂದು ಬರೆದು ಡೇವಿಡ್ ಎಂದು ಉಚ್ಚರಿಸುವ, ವಿಎಲ್‌ಸಿ ಪ್ಲೇಯರ್ ರೂಪಿಸಿದ ವಿಡಿಯೊಲ್ಯಾನ್ ಬಳಗದ ಒಂದು ಅದ್ಭುತ ತಂತ್ರಾಂಶ ಪೈ 5ರಲ್ಲಿ 1080ಪಿ ಎವಿ1 ಓಡಿಸುತ್ತದೆ, ಆದರೆ 4ಕೆ ಕೇಳಬೇಡಿ. ಇಂಟೆಲ್‌ನ 6 ವ್ಯಾಟ್‌ನ ಎನ್100 ಚಿಪ್ಪಿರುವ ಪೆಟ್ಟಿಗೆಗಳಲ್ಲಿ ಎವಿ1 ಹಾರ್ಡ್‌ವೇರ್‌ನಲ್ಲೇ ಇದೆ, 10 ಬಿಟ್ ಎಚ್‌ಇವಿಸಿಯೂ ಇದೆ. ಇಂದು ಹೊಸದಾಗಿ ಕೊಳ್ಳುವವರು ನನ್ನನ್ನು ಕೇಳಿದರೆ ಅತ್ತಲೇ ಕೈ ತೋರಿಸುತ್ತೇನೆ.

ಬಿಡಿಸಿದ ಮೇಲೂ ದಾರಿ ಬಾಕಿ ಇದೆ. 4ಕೆಯ ಒಂದು 10 ಬಿಟ್ ಫ್ರೇಮನ್ನು ಮೆಮೊರಿಯಲ್ಲಿ ಒಂದೊಂದು ಮೌಲ್ಯಕ್ಕೆ 16 ಬಿಟ್ ಜಾಗ ಕೊಟ್ಟು ಇಟ್ಟರೆ ಸುಮಾರು 25 ಎಂಬಿ. ಸೆಕೆಂಡಿಗೆ 60 ಎಂದರೆ ಒಂದೂವರೆ ಜಿಬಿ. ಡಿಕೋಡರ್ ಇದನ್ನು ಒಂದು ಜಾಗದಲ್ಲಿಟ್ಟು, ಪ್ಲೇಯರ್ ಅದನ್ನು ತನ್ನ ಜಾಗಕ್ಕೆ ನಕಲು ಮಾಡಿಕೊಂಡು, ಮತ್ತೆ ಪರದೆಯ ಭಾಗಕ್ಕೆ ಇನ್ನೊಮ್ಮೆ ನಕಲಿಸಿದರೆ, ಪುಟ್ಟ ಕಂಪ್ಯೂಟರಿನ ಮೆಮೊರಿ ಬರೀ ಹೊರೆ ಹೊರುವುದರಲ್ಲೇ ಸುಸ್ತಾಗುತ್ತದೆ. ಗಂಟು ಬಿಚ್ಚಿದ್ದು ಕ್ಷಣದಲ್ಲಿ, ಸೋತದ್ದು ಸಾಗಾಟದಲ್ಲಿ. ಒಳ್ಳೆಯ ಪ್ಲೇಯರ್‌ಗಳು ಫ್ರೇಮನ್ನು ಕದಲಿಸದೆ, ಅದು ಇರುವ ಜಾಗದ ಚೀಟಿಯನ್ನಷ್ಟೇ ಪರದೆಯ ಭಾಗಕ್ಕೆ ದಾಟಿಸುತ್ತವೆ. ಇದಕ್ಕೆ ಡಿಕೋಡರ್, ಚಾಲಕ, ಪ್ಲೇಯರ್, ಪರದೆ ಎಲ್ಲವೂ ಒಂದೇ ಮಾತಾಡಬೇಕು. ಆ ಮಾತುಕತೆಯ ಭಾಷೆ ಲಿನಕ್ಸ್ ಓಡುವ ಇಂಟೆಲ್‌ಗೆ ವಿಎ-ಎಪಿಐ, ವಿಂಡೋಸ್‌ಗೆ ಡಿಎಕ್ಸ್‌ವಿಎ, ಪೈಯಂಥವುಗಳಿಗೆ ವಿ4ಎಲ್2. ಕೊಂಡಿ ಒಂದು ಕಳಚಿದರೂ ನಕಲು ಶುರು. ಅದೇ ಪೆಟ್ಟಿಗೆಯಲ್ಲಿ ಕೋಡಿಯೊಳಗೆ ನೀರು ಕುಡಿದಂತೆ ಓಡುವ ವಿಡಿಯೊ ಬ್ರೌಸರ್‌ನಲ್ಲಿ ಮುಗ್ಗರಿಸುವುದು ಹಲವು ಸಲ ಇದರಿಂದಲೇ.

ಇವೆಲ್ಲವನ್ನೂ ಊಹಿಸುತ್ತ ಕೂರಬೇಕಿಲ್ಲ. ಕೋಡಿಯಲ್ಲಿ ವಿಡಿಯೊ ಓಡುತ್ತಿರುವಾಗ ಕೀಲಿಮಣೆಯ ‘ಓ’ ಅಕ್ಷರ ಒತ್ತಿದರೆ ಪರದೆಯ ಮೇಲೆ ಕೆಲವು ಸಾಲುಗಳು ಮೂಡುತ್ತವೆ. ಡಿಕೋಡರ್ ಹೆಸರಿನ ಪಕ್ಕದಲ್ಲಿ ಆವರಣದೊಳಗೆ ‘ಎಚ್‌ಡಬ್ಲ್ಯು’ ಎಂದಿದ್ದರೆ ಒರಳು ಕೆಲಸ ಮಾಡುತ್ತಿದೆ, ‘ಎಸ್‌ಡಬ್ಲ್ಯು’ ಎಂದಿದ್ದರೆ ಈಳಿಗೆಮಣೆ. ವಿಂಡೋಸ್‌ನಲ್ಲಾದರೆ ಟಾಸ್ಕ್ ಮ್ಯಾನೇಜರ್‌ನ ಜಿಪಿಯು ಪುಟದಲ್ಲಿ ವಿಡಿಯೊ ಡಿಕೋಡ್ ಎಂಬ ಪ್ರತ್ಯೇಕ ನಕ್ಷೆ ಇದೆ. ಅದು ಏರದೆ ಪ್ರೊಸೆಸರ್‌ನ ನಕ್ಷೆ ಮಾತ್ರ ಆಕಾಶ ಮುಟ್ಟಿದ್ದರೆ ಉತ್ತರ ಸಿಕ್ಕಂತೆ. ಇನ್ನೊಂದು ಲಕ್ಷಣ: ಮೊದಲ ಹತ್ತು ನಿಮಿಷ ಸರಿಯಾಗಿ ಓಡಿ ಆಮೇಲೆ ತಡವರಿಸಿದರೆ ಪೆಟ್ಟಿಗೆಯನ್ನು ಮುಟ್ಟಿ ನೋಡಿ. ಪ್ರೊಸೆಸರ್ ದುಡಿದು ಕಾದಿರುತ್ತದೆ. ಪೈ 4 ಆದರೆ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಎಲ್ಲ ತಡವರಿಕೆಗೂ ಡಿಕೋಡರನ್ನೇ ದೂರುವಂತಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟಿವಿ 60 ಸಲ ಮಿಟುಕುತ್ತದೆ; 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತದೆ. ಕ್ಯಾಮೆರಾ ನಿಧಾನವಾಗಿ ಬಯಲನ್ನು ಸುತ್ತುವ ದೃಶ್ಯದಲ್ಲಿ ಇದು ಸಣ್ಣ ನಡುಕವಾಗಿ ಕಾಣುತ್ತದೆ. ಕೋಡಿಯ ಸಂಯೋಜನೆಯಲ್ಲಿ ಪರದೆಯ ಮಿಟುಕು ವೇಗವನ್ನು ವಿಡಿಯೊಗೆ ಹೊಂದಿಸುವ ಆಯ್ಕೆಯಿದೆ, ಅದನ್ನು ಆನ್ ಮಾಡಿದರೆ ಮುಗಿಯಿತು. ಡಿಕೋಡರ್ ಸೋತದ್ದಾದರೆ ಬಿದ್ದ ಫ್ರೇಮುಗಳ ಎಣಿಕೆ ಏರುತ್ತ ಹೋಗುತ್ತದೆ, ಈ ನಡುಕಕ್ಕೆ ಏರುವುದಿಲ್ಲ.

ಮದುವೆಯ ವಿಡಿಯೊಗೆ ಆ ರಾತ್ರಿ ಲ್ಯಾಪ್‌ಟಾಪನ್ನು ಕೆಲಸಕ್ಕೆ ಹಚ್ಚಿದೆ. ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ ಬಳಸಿ ಎಚ್.264ರಿಂದ ಎಚ್‌ಇವಿಸಿಗೆ ಮತ್ತೆ ಬರೆಸುವುದು ಒಂದೇ ಸಾಲಿನ ಆದೇಶ, ಆದರೆ ಹಿಸುಕುವುದು ಬಿಡಿಸುವುದಕ್ಕಿಂತ ಎಷ್ಟೋ ಪಾಲು ಕಷ್ಟದ ಕೆಲಸ. ಬೆಳಗಿನ ಹಾಲು ಬರುವವರೆಗೂ ಅದರ ಫ್ಯಾನ್ ಅರಚುತ್ತಿತ್ತು. ಕಡತ ಅರ್ಧಕ್ಕಿಂತ ಚಿಕ್ಕದಾಗಿತ್ತು. ಯಾರೂ ಏಳುವ ಮೊದಲು ಟಿವಿ ಹಾಕಿ, ಧ್ವನಿ ತಗ್ಗಿಸಿ, ಮುಹೂರ್ತಕ್ಕೆ ಹೋಗಿ ‘ಓ’ ಒತ್ತಿದೆ. ಆವರಣದೊಳಗೆ ‘ಎಚ್‌ಡಬ್ಲ್ಯು’. ಗಟ್ಟಿಮೇಳ ಎದ್ದ ಗಳಿಗೆಗೇ ತಾಳಿ ಕೊರಳಿಗೆ ಬಿತ್ತು. ಹಿಂದೆ ತಿರುಗಿದರೆ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. “ಆ ಅಕ್ಷರಗಳನ್ನು ತೆಗೆಯಪ್ಪ, ಹುಡುಗಿಯ ಮುಖ ಕಾಣುತ್ತಿಲ್ಲ” ಎಂದರು.